ಅಟ್ಟ ಸೇರುವ ಪುಸ್ತಕ ಬೇಡ, ಮನೆ ಸೇರುವ ಪುಸ್ತಕ ಬರೆಯೋಣ

ನಮ್ಮಲ್ಲಿ ಈಗ ಪುಸ್ತಕ ಬರೆಯಬೇಕು ಎನ್ನುವವರು ಹೆಚ್ಚುತ್ತಿದ್ದಾರೆ. ನಿವೃತ್ತ ಮೇಷ್ಟ್ರುಗಳು, ಗಲ್ಫಿನಿಂದ ಊರಿಗೆ ಮರಳಿದವರು, ಮದ್ರಸದ ಉಸ್ತಾದರು, ಡಿಗ್ರಿ ಮುಗಿಸಿ ಮನೆಯಲ್ಲಿರುವ ಹೆಣ್ಮಕ್ಕಳು, ಹೀಗೆ ಹಲವರ ಬಳಿ ಒಂದು ನೋಟ್ ಬುಕ್ಕೋ ಮೊಬೈಲಿನಲ್ಲಿ ಟೈಪ್ ಮಾಡಿಟ್ಟ ನಾಲ್ಕು ಪುಟವೋ ಉಂಟು. ಇದು ಸಂತೋಷದ ವಿಷಯವೇ. ಆದರೆ ಆಮೇಲೆ ಆಗುವುದು ಎಂತ? ಸಾವಿರ ಪ್ರತಿ ಅಚ್ಚಾಗುತ್ತದೆ. ಹಾಲ್‌ನಲ್ಲಿ ಬಿಡುಗಡೆ, ವೇದಿಕೆ ತುಂಬ ಗಣ್ಯರು, ಶಾಲು, ಊಟ. ಇನ್ನೂರು ಪ್ರತಿ ಅಂದೇ ಉಚಿತವಾಗಿ ಹಂಚಿ ಹೋಗುತ್ತದೆ. ಉಳಿದ ಕಟ್ಟುಗಳು ಅಟ್ಟ ಸೇರುತ್ತವೆ. ಎರಡು ಮಳೆಗಾಲ ಕಳೆದರೆ ಗೆದ್ದಲಿಗೆ ಊಟ. ಬರೆದವರು ಮಾತ್ರ "ನಮ್ಮವರು ಓದುವುದಿಲ್ಲ ಮಾರ್ರೆ" ಎಂದು ಬೇಸರಿಸಿ ಎರಡನೇ ಪುಸ್ತಕದ ಆಸೆಯನ್ನೇ ಬಿಡುತ್ತಾರೆ.

ಇನ್ನೊಂದು ಕಡೆ, ಬರೆಯಲೇಬೇಕಾದ ಎಷ್ಟೋ ಸಂಗತಿಗಳು ಬರೆಯದೆ ಹೋಗುತ್ತಿವೆ. ನಮ್ಮ ಸಾಹಿತ್ಯದಲ್ಲಿ ಕತೆ, ಕಾದಂಬರಿಗೆ ಒಳ್ಳೆಯ ದಾರಿ ಹಾಕಿದವರಿದ್ದಾರೆ. ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿಯವರ ಹೆಸರು ಕನ್ನಡ ಓದುವವರಿಗೆಲ್ಲ ಗೊತ್ತು. 2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದ ಮೇಲೆ ಬ್ಯಾರಿ ಭಾಷೆಯಲ್ಲೂ ಪುಸ್ತಕಗಳು ಬರುತ್ತಿವೆ. ಆದರೆ ಬೀಡಿ ಕಟ್ಟಿ ಮನೆ ನಡೆಸಿದ ಉಮ್ಮಂದಿರ ಲೆಕ್ಕ ಎಲ್ಲಿದೆ? ಬಂದರಿನ ಗೋದಾಮುಗಳಲ್ಲಿ ಮೂಟೆ ಹೊತ್ತವರದ್ದು, ಸೈಕಲಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿ ಘಟ್ಟದ ಬುಡದವರೆಗೆ ಹೋದವರದ್ದು, ಮೊದಲ ಸಲ ಜಿದ್ದಾಕ್ಕೋ ದುಬಾಯಿಗೋ ಹೋದವರದ್ದು? ನಮ್ಮದು ಹೆಚ್ಚಾಗಿ ಬಾಯಿಮಾತಿನಲ್ಲೇ ಉಳಿದುಬಂದ ಬದುಕು. ಹಿರಿಯರೊಬ್ಬರ ಮಯ್ಯತ್ ಎದ್ದಾಗ ಅವರೊಂದಿಗೆ ಒಂದು ಇಡೀ ದಫ್ತರವೇ ಹೋಗಿಬಿಡುತ್ತದೆ. ಇವರಲ್ಲಿ ಬಹಳ ಮಂದಿಗೆ ಈಗ ಎಪ್ಪತ್ತು ಎಂಬತ್ತು ದಾಟಿದೆ. ಸಮಯ ನಮ್ಮ ಕೈಯಲ್ಲಿ ಹೆಚ್ಚು ಇಲ್ಲ.

ಅಚ್ಚು ಹಾಕಿಸುವುದು ಈಗ ಪುಸ್ತಕದ ಅತಿ ಸುಲಭದ ಕೆಲಸ. ದುಡ್ಡು ಕೊಟ್ಟರೆ ಕೆಲವೇ ದಿನಗಳಲ್ಲಿ ಆಗ್ತದೆ. ಕಷ್ಟ ಇರುವುದು ಅದಕ್ಕೆ ಮೊದಲು ಕೂತು ಕೇಳುವುದರಲ್ಲಿ, ಆಮೇಲೆ ಓದುಗರ ಮನೆಗೆ ತಲುಪಿಸುವುದರಲ್ಲಿ. ಈ ಎರಡನ್ನು ಸರಿಯಾಗಿ ಮಾಡಿದರೆ ಸಾಮಾನ್ಯ ಕುಟುಂಬವೂ ಸಾಲ ಮಾಡದೆ ಒಂದು ಒಳ್ಳೆಯ ಪುಸ್ತಕ ತರಬಹುದು.

ವಿಷಯ ಸಣ್ಣದಿರಲಿ

"ಬ್ಯಾರಿಗಳ ಇತಿಹಾಸ" ಎಂದು ಹೊರಟರೆ ಹತ್ತು ವರ್ಷ ಬೇಕು, ದೊಡ್ಡ ಗ್ರಂಥಾಲಯಗಳು ಬೇಕು, ಹಲವು ಭಾಷೆ ಬರಬೇಕು. ಅದು ವಿದ್ವಾಂಸರ ಕೆಲಸ, ಅವರು ಮಾಡುತ್ತಿದ್ದಾರೆ. ನಮ್ಮ ನಿಮ್ಮಂಥವರಿಂದ ಆಗುವುದು ಬೇರೆಯೇ ಉಂಟು. ನಮ್ಮ ಗ್ರಾಮದ ಒಂದು ಬೀಡಿ ಬ್ರಾಂಚ್, ಅದಕ್ಕೆ ಬೀಡಿ ಕೊಡುತ್ತಿದ್ದ ನಲವತ್ತು ಮನೆ, 1970ರಿಂದ 2000ದವರೆಗಿನ ಮೂವತ್ತು ವರ್ಷ. ಇಷ್ಟೇ ಸಾಕು. ಎಲೆ ಎಲ್ಲಿಂದ ಬರುತ್ತಿತ್ತು, ಸಾವಿರ ಬೀಡಿಗೆ ಎಷ್ಟು ಕೊಡುತ್ತಿದ್ದರು, ರಿಜೆಕ್ಟ್ ಆದ ಬೀಡಿಯ ನಷ್ಟ ಯಾರ ಮೇಲೆ ಬೀಳುತ್ತಿತ್ತು, ಆ ದುಡ್ಡಿನಿಂದ ಯಾವ ಮಗಳ ಮದುವೆ ಆಯಿತು, ಯಾವ ಮಗ ಕಾಲೇಜು ಕಲಿತ, ಯಾರ ಎದೆ ಹಾಳಾಯಿತು. ಬೀಡಿ ಕಾರ್ಮಿಕರಿಗೆಂದೇ 1966ರಲ್ಲಿ ಕಾನೂನು ಬಂದಿತ್ತು. ಆ ಕಾನೂನು ನಮ್ಮ ಜಗಲಿಯವರೆಗೆ ಬಂತೋ ಇಲ್ಲವೋ ಎಂದು ಕೇಳಿದರೆ ಅಲ್ಲೇ ಒಂದು ಅಧ್ಯಾಯ ಸಿಕ್ಕಿತು.

ವಿಷಯ ಸಣ್ಣದಾದರೆ ಕೊಳ್ಳುವವರು ಯಾರು ಎಂಬುದೂ ಮೊದಲೇ ಗೊತ್ತಾಗುತ್ತದೆ. ಆ ನಲವತ್ತು ಮನೆಗಳು, ಅಲ್ಲಿಂದ ಮದುವೆಯಾಗಿ ಹೋದ ಹೆಣ್ಮಕ್ಕಳು, ಗಲ್ಫಿನಲ್ಲಿರುವ ಗಂಡುಮಕ್ಕಳು, ಅದೇ ಬ್ರಾಂಚಿಗೆ ಬೀಡಿ ಕೊಡುತ್ತಿದ್ದ ನೆರೆಕರೆಯ ಬಿಲ್ಲವ, ಕುಲಾಲ, ಕ್ರೈಸ್ತ ಮನೆಯವರು. ಎಲ್ಲರಿಗಾಗಿ ಬರೆದ ಪುಸ್ತಕ ಎಷ್ಟೋ ಸಲ ಯಾರ ಮನೆಗೂ ಹೋಗುವುದಿಲ್ಲ.

ಕೇಳುವ ಕೆಲಸ

ಮೊದಲು ಹಿರಿಯರ ಪಟ್ಟಿ ಮಾಡಿ. ವಯಸ್ಸು ಹೆಚ್ಚಾದವರಿಂದ ಶುರು ಮಾಡಿ. ಮೊಬೈಲಿನಲ್ಲೇ ಮಾತು ಧ್ವನಿಮುದ್ರಣ ಮಾಡಬಹುದು. ಮಾಡುವ ಮೊದಲು ಒಂದು ಮಾತು ಕೇಳಬೇಕು. ಅಂದಂದಿನದ್ದನ್ನು ಅಂದೇ ಎರಡು ಕಡೆ ಉಳಿಸಿಡಬೇಕು. ಫೋನ್ ಬಾವಿಗೆ ಬಿದ್ದರೆ ಅಜ್ಜಿಯ ಮಾತೂ ಹೋಯಿತು.

"ನಿಮ್ಮ ಜೀವನದ ಬಗ್ಗೆ ಹೇಳಿ" ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. "ಎಂತ ಹೇಳುವುದು ಮಗಾ, ಕಷ್ಟದಲ್ಲೇ ಹೋಯಿತು" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅದರ ಬದಲು "ಬೀಡಿ ಕಟ್ಟಲು ಕೂರುತ್ತಿದ್ದದ್ದು ಎಲ್ಲಿ? ಚಿಮಿಣಿ ದೀಪ ಎಷ್ಟು ಇತ್ತು? ಪಾಸ್ ಬುಕ್ಕಿನಲ್ಲಿ ಯಾರ ಹೆಸರು ಇತ್ತು?" ಎಂದು ಕೇಳಿ ನೋಡಿ. ಕೈಯಲ್ಲಿ ಸೂಪು ಹಿಡಿಸಿ ಕೇಳಿದರೆ ಇನ್ನೂ ಒಳ್ಳೆಯದು.

ಇಸವಿ ಕೇಳಿದರೆ ಹಿರಿಯರಿಗೆ ನೆನಪಿರುವುದಿಲ್ಲ. ಘಟನೆ ಹಿಡಿದು ಕೇಳಬೇಕು. 1974ರ ನೆರೆಗೆ ಮೊದಲೋ ಆಮೇಲೋ? ತುರ್ತು ಪರಿಸ್ಥಿತಿಯ ಹೊತ್ತಿಗೆ ದೊಡ್ಡ ಮಗ ಹುಟ್ಟಿದ್ದನೇ? 1990ರ ಕುವೈತ್ ಯುದ್ಧದಲ್ಲಿ ಓಡಿ ಬಂದವರು ಯಾರು? ಹೀಗೆ ಕೇಳಿದರೆ ಇಸವಿ ತಾನಾಗಿ ಹೊರಗೆ ಬರುತ್ತದೆ.

ಬಾಯಿಮಾತಿನ ಜೊತೆಗೆ ಕಾಗದವೂ ಬೇಕು. ಜಮಾಅತಿನ ನಿಕಾಹ್ ದಫ್ತರ, ಮಸೀದಿಯ ಹಳೆಯ ಲೆಕ್ಕಪುಸ್ತಕ, ಶಾಲೆಯ ದಾಖಲಾತಿ, ಪಹಣಿ, ಭೂಸುಧಾರಣೆಯ ಕಾಲದ ಅರ್ಜಿ, ಹಳೆಯ ಪಾಸ್‌ಪೋರ್ಟಿನ ಸೀಲು, ಬೀಡಿಯ ಪಾಸ್ ಬುಕ್, ಗಲ್ಫಿನಿಂದ ಬಂದ ಪತ್ರಗಳು. ಪತ್ರ ಬರೆಯಲು ಬಾರದ ಮನೆಗಳಲ್ಲಿ ಮಾತು ತುಂಬಿಸಿ ಕಳಿಸುತ್ತಿದ್ದ ಟೇಪ್ ಕ್ಯಾಸೆಟ್‌ಗಳು ಇನ್ನೂ ಕೆಲವು ಕಪಾಟುಗಳಲ್ಲಿ ಇವೆ. ಅವು ಬೂಸ್ಟು ಹಿಡಿಯುವ ಮೊದಲು ಕೇಳಿ ಬರೆದುಕೊಳ್ಳಬೇಕು.

ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಬಳಿಯೂ ಕೇಳಿ ತಾಳೆ ನೋಡಿ. ದಾಖಲೆ ಇರುವುದನ್ನು ಖಚಿತವಾಗಿ ಬರೆಯಿರಿ. ಪರಂಪರೆಯಿಂದ ಬಂದದ್ದನ್ನು ಪರಂಪರೆ ಎಂದೇ ಬರೆಯಿರಿ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿ ಹಿಜರಿ 22ರಲ್ಲಿ ಸ್ಥಾಪನೆಯಾಯಿತು ಎಂಬುದು ನಮ್ಮಲ್ಲಿ ತಲೆತಲಾಂತರದಿಂದ ಹೇಳಿಕೊಂಡು ಬಂದ ಮಾತು. "ಹೀಗೆಂದು ಹೇಳಿಕೊಂಡು ಬರಲಾಗಿದೆ" ಎಂದು ಬರೆದರೆ ಅದರ ಗೌರವ ಕಡಿಮೆಯಾಗುವುದಿಲ್ಲ. ಓದುವವರಿಗೆ ಬರೆದವರ ಮೇಲೆ ನಂಬಿಕೆ ಹೆಚ್ಚುತ್ತದೆ.

ಯಾರ ಹೆಸರು ಹಾಕುವುದು?

ಪುಸ್ತಕದಿಂದ ಮನೆಮನೆಗಳ ನಡುವೆ ಮಾತು ಬಿಟ್ಟದ್ದೂ ಉಂಟು. ಆಸ್ತಿ ಪಾಲು, ತಲಾಖ್, ಸಾಲ, ಹಳೆಯ ಜಗಳ. ಇವನ್ನು ಬರೆಯಬಾರದು ಎಂದಲ್ಲ. ಇವಿಲ್ಲದೆ ಬರೆದರೆ ಅದು ಬರೀ ಹೊಗಳಿಕೆಯ ಪುಸ್ತಕ ಆಗ್ತದೆ. ಆದರೆ ಹೇಳಿದ ಹೆಂಗಸಿಗೆ ಅವಳ ಭಾಗವನ್ನು ಓದಿ ಹೇಳಿ, ಒಪ್ಪಿಗೆ ಪಡೆದೇ ಹಾಕಬೇಕು. ಬೇಡ ಎಂದರೆ ಹೆಸರು ಬದಲಿಸಿ, ಬದಲಿಸಿದ್ದೇವೆ ಎಂದು ಪುಸ್ತಕದಲ್ಲೇ ತಿಳಿಸಿದರಾಯಿತು.

ಇನ್ನೊಂದು ಮುಖ್ಯ ಮಾತು. ನಮ್ಮ ಕುಟುಂಬ ಚರಿತ್ರೆಗಳಲ್ಲಿ ಹೆಂಗಸರ ಹೆಸರೇ ಇರುವುದಿಲ್ಲ. ಇಂಥವರ ಮಗ ಇಂಥವರು, ಅವರಿಗೆ ಐದು ಗಂಡು, "ಮೂರು ಹೆಣ್ಣು". ಆ ಮೂವರಿಗೆ ಹೆಸರಿಲ್ಲವೇ? ಬೀಡಿಯ ದುಡ್ಡಿನಲ್ಲಿ ಮನೆಯ ಹಂಚು ಹೊದೆಸಿದ್ದು ಅವರೇ ಆಗಿರಬಹುದು. ಮನೆಯ ಒಳಗಿನವರ ಬಳಿ ಕೇಳಿ ಹೆಸರು ಸೇರಿಸಿದರೆ ಪುಸ್ತಕ ಅರ್ಧ ಗೆದ್ದಂತೆ. ಆ ಮನೆಗಳಲ್ಲಿ ಪುಸ್ತಕ ಕೊಳ್ಳುವ, ಜೋಪಾನ ಮಾಡುವ ಕೈಗಳೂ ಹೆಚ್ಚಾಗಿ ಅವರದ್ದೇ.

ಪತ್ರ, ಫೋಟೋ ಬಳಸುವಾಗ ಕಾನೂನೂ ಗೊತ್ತಿರಬೇಕು. ಪತ್ರದ ಕಾಗದ ಯಾರ ಕೈಯಲ್ಲಿದ್ದರೂ ಅದರ ಬರಹದ ಹಕ್ಕು ಬರೆದವರದ್ದು, ಅವರ ನಂತರ ವಾರಸುದಾರರದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರಹದ ಹಕ್ಕು ಸಾಮಾನ್ಯವಾಗಿ ಬರೆದವರ ಜೀವಮಾನ ಮತ್ತು ಆಮೇಲೆ 60 ವರ್ಷ ಇರುತ್ತದೆ. ಮದುವೆಯ ಹಾಡು ಯಾರಾದರೂ ಗೊತ್ತಿರುವ ಕವಿ ಕಟ್ಟಿದ್ದಾದರೆ ಅವರ ಮನೆಯವರನ್ನು ಕೇಳಬೇಕು. ಅದೇ ಹಕ್ಕು ನಿಮ್ಮ ಪುಸ್ತಕಕ್ಕೂ ಬರೆದ ಕ್ಷಣದಿಂದಲೇ ಸಿಗುತ್ತದೆ, ನೋಂದಣಿ ಕಡ್ಡಾಯವಲ್ಲ.

ಬರೆದು ತಿದ್ದುವುದು

ಮೊದಲ ಪುಸ್ತಕಕ್ಕೆ ನೂರರ ಆಸುಪಾಸಿನ ಪುಟ ಸಾಕು. ಕನ್ನಡದಲ್ಲಿ ಬರೆಯುವಾಗ ಬ್ಯಾರಿ ಮಾತುಗಳನ್ನು ಒರೆಸಿ ಹಾಕಬೇಡಿ. ಅಜ್ಜಿ ಹೇಳಿದ ಗಾದೆಯನ್ನು ಬ್ಯಾರಿಯಲ್ಲೇ ಕೊಟ್ಟು, ಪಕ್ಕದಲ್ಲಿ ಅರ್ಥ ಬರೆದರೆ ಬ್ಯಾರಿ ಬಾರದವರಿಗೂ ತಿಳಿಯುತ್ತದೆ. ಬರೆದಾದ ಮೇಲೆ ಇಬ್ಬರ ಕೈಗೆ ಕೊಡಿ. ಒಬ್ಬರು ಊರಿನ ವಿಷಯ ಬಲ್ಲ ಹಿರಿಯರು, ಇನ್ನೊಬ್ಬರು ಕನ್ನಡ ಮೇಷ್ಟ್ರೋ ಟೀಚರೋ. ನಾಲ್ಕು ಮುನ್ನುಡಿ, ಆರು ಶುಭಾಶಯ ಪತ್ರ ಹಾಕಿ ಮೊದಲ ಇಪ್ಪತ್ತು ಪುಟ ತುಂಬಿಸುವುದಕ್ಕಿಂತ, ತಪ್ಪು ತಿದ್ದಿದವರಿಗೆ ಒಂದಿಷ್ಟು ಸಂಭಾವನೆ ಕೊಡುವುದು ಲೇಸು.

ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಡಿಟಿಪಿಯವರು ನುಡಿ ಅಥವಾ ಬರಹದ ಫಾಂಟಿಗೆ ಬದಲಿಸುತ್ತಾರೆ. ಆಗ ಒತ್ತಕ್ಷರ, ಅರ್ಕಾವತ್ತು ತಪ್ಪಿಹೋಗುವುದುಂಟು. ಹಾಗಾಗಿ ಕಂಪ್ಯೂಟರಿನಲ್ಲಿ ನೋಡಿ ಸರಿ ಎನ್ನಬಾರದು. ಕಾಗದದ ಮೇಲೆ ಪ್ರಿಂಟ್ ತೆಗೆಸಿ ಎರಡು ಸಲ ಪ್ರೂಫ್ ಓದಬೇಕು. ಹೆಸರು, ಇಸವಿ, ಚಿತ್ರದ ಕೆಳಗಿನ ಸಾಲುಗಳನ್ನು ಪ್ರತ್ಯೇಕವಾಗಿ ನೋಡಬೇಕು. ತಮ್ಮ ಉಪ್ಪನ ಹೆಸರು ತಪ್ಪಾಗಿ ಅಚ್ಚಾದ ಪುಸ್ತಕವನ್ನು ಯಾವ ಮನೆಯವರೂ ಕ್ಷಮಿಸುವುದಿಲ್ಲ.

ಅಚ್ಚಿಗೆ ಹೋಗುವ ಮೊದಲು

ನಾವೇ ಪ್ರಕಾಶಕರಾಗಲು ದೊಡ್ಡ ಕಂಪೆನಿ ಬೇಕಿಲ್ಲ. ಪುತ್ತೂರಿನಲ್ಲಿ ಶಿವರಾಮ ಕಾರಂತರು ಸ್ವಂತ ಮುದ್ರಣಾಲಯವನ್ನೇ ನಡೆಸಿದ್ದರು. ಸಾರಾ ಅಬೂಬಕ್ಕರ್ 1994ರಿಂದ ತಮ್ಮದೇ ಚಂದ್ರಗಿರಿ ಪ್ರಕಾಶನದ ಮೂಲಕ ಪುಸ್ತಕ ತಂದರು. ನಮ್ಮ ಸಮುದಾಯದ ಹೆಣ್ಣುಮಗಳೊಬ್ಬರು ಹಾಕಿಕೊಟ್ಟ ದಾರಿ ಇದು.

ಐಎಸ್‌ಬಿಎನ್ ಎಂಬ 13 ಅಂಕಿಯ ಸಂಖ್ಯೆಯನ್ನು ಭಾರತದಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಕೊಡುತ್ತದೆ. ಸ್ವಂತ ಪ್ರಕಟಿಸುವ ಲೇಖಕರೂ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಇದು ಪೂರ್ತಿ ಉಚಿತ. ಇದಕ್ಕೆಂದು ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡಿ. "ಪ್ಯಾಕೇಜ್" ಹೆಸರಿನಲ್ಲಿ ಎಲ್ಲವನ್ನೂ ಮಾಡಿಕೊಡುತ್ತೇವೆ ಎನ್ನುವವರ ಬಳಿ ಹೋದರೆ ನಾಲ್ಕು ಪ್ರಶ್ನೆ ಕೇಳಿ: ಎಷ್ಟು ಪ್ರತಿ ಕೈಗೆ ಕೊಡ್ತೀರಿ? ಹಕ್ಕು ಯಾರ ಹೆಸರಿನಲ್ಲಿ? ಪುಟದ ಫೈಲ್ ನಮಗೆ ಸಿಗ್ತದಾ? ಮಾರಿದ ಲೆಕ್ಕ ಯಾವಾಗ ಕೊಡ್ತೀರಿ? ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಅಚ್ಚಿನವರ ಬಳಿ ಮಾತಾಡುವಾಗ ಪುಟಗಳನ್ನು ಹದಿನಾರರ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಒಂದು ಫಾರಂ ಎಂದರೆ ಹದಿನಾರು ಪುಟ. 96 ಪುಟಕ್ಕೆ ಆರು ಫಾರಂ, 112ಕ್ಕೆ ಏಳು. 98 ಪುಟ ಮಾಡಿದರೆ ಕಾಗದ ಸುಮ್ಮನೆ ಹಾಳು. ಡೆಮಿ 1/8 ಅಳತೆ, 70 ಜಿಎಸ್‌ಎಂ ಕಾಗದ ಸಾಕು. ಮೂರು ಕಡೆ ದರ ಕೇಳಿ. ಹಳೆಯ ಫೋಟೋಗಳನ್ನು ಒಳಗೆ ಅಲ್ಲಲ್ಲಿ ಹಾಕುವ ಬದಲು ಎಂಟು ಪುಟದ ಒಂದೇ ಗುಚ್ಛ ಮಾಡಿದರೆ ಖರ್ಚು ಹಿಡಿತದಲ್ಲಿರುತ್ತದೆ.

ಲೆಕ್ಕ ಹೀಗೆ ಹಾಕಿ

ನಾವು ವ್ಯಾಪಾರದವರು. ಆದರೂ ಪುಸ್ತಕದ ವಿಷಯ ಬಂದಾಗ ಲೆಕ್ಕ ಹಾಕಲು ನಾಚಿಕೊಳ್ತೇವೆ. ಒಂದು ಉದಾಹರಣೆ ನೋಡೋಣ. 300 ಪ್ರತಿಗೆ ಡಿಟಿಪಿ, ಮುಖಪುಟ, ಅಚ್ಚು ಎಲ್ಲ ಸೇರಿ 30,000 ರೂಪಾಯಿ ಆಯಿತು ಎಂದಿಟ್ಟುಕೊಳ್ಳಿ. ಪ್ರತಿಗೆ 100 ರೂಪಾಯಿ ಬಿತ್ತು. ಬೆಲೆ 150 ಇಟ್ಟಿರಿ. ಪುಸ್ತಕದಂಗಡಿಗೆ ನೂರಕ್ಕೆ ನಲವತ್ತು ಕಮಿಷನ್ ಕೊಟ್ಟರೆ ಕೈಗೆ ಬರುವುದು 90. ಅಂದರೆ ಅಂಗಡಿಯಲ್ಲಿ ಹೋದ ಪ್ರತಿಯೊಂದಕ್ಕೂ ಹತ್ತು ರೂಪಾಯಿ ನಷ್ಟ. ನೇರವಾಗಿ ಮಾರಿದರೆ ಪೂರ್ತಿ 150.

ಗ್ರಂಥಾಲಯಗಳಿಗೆ, ಮಾತು ಕೊಟ್ಟ ಹಿರಿಯರಿಗೆ, ಪತ್ರಿಕೆಗಳಿಗೆ ಎಂದು 40 ಪ್ರತಿ ತೆಗೆದಿಡಿ. ಉಳಿದ 260ರಲ್ಲಿ 100 ಅಂಗಡಿಯಲ್ಲಿ ಹೋದರೆ 9,000. ಬಾಕಿ 160 ನೇರವಾಗಿ ಹೋದರೆ 24,000. ಒಟ್ಟು 33,000. ಹಾಕಿದ ದುಡ್ಡು ಬಂತು, ಮೇಲೆ ಮೂರು ಸಾವಿರ. ಈಗ ಇದರಲ್ಲೇ ನೂರು ಪ್ರತಿಯನ್ನು "ಗೌರವ ಪ್ರತಿ" ಎಂದು ಹಂಚಿದಿರಿ ಎನ್ನಿ. ನೇರ ಮಾರಲು ಉಳಿಯುವುದು 60, ಅದರಿಂದ 9,000. ಅಂಗಡಿಯ 9,000 ಸೇರಿಸಿದರೂ ಹದಿನೆಂಟು ಸಾವಿರ. ಹನ್ನೆರಡು ಸಾವಿರ ಮನೆಯಿಂದ ಹೋಯಿತು. ಇಷ್ಟು ವ್ಯತ್ಯಾಸ ಮಾಡಿದ್ದು ಉಚಿತ ಹಂಚಿಕೆ ಒಂದೇ. ಸಾವಿರ ಪ್ರತಿ ಹಾಕಿಸಿದರೆ ಒಂದೊಂದು ಪ್ರತಿ ಅಗ್ಗವಾಗುತ್ತದೆ, ನಿಜ. ಆದರೆ ಮಾರದ ಏಳುನೂರು ಪ್ರತಿ ಅಗ್ಗವಲ್ಲ. ಕಡಿಮೆ ಹಾಕಿಸಿ, ಮುಗಿದ ಮೇಲೆ ಎರಡನೇ ಮುದ್ರಣ ಮಾಡೋಣ.

ಮಾರುವುದು ನಾಚಿಕೆಯಲ್ಲ

ಕನ್ನಡದ ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಅವರಿಗಿಲ್ಲದ ನಾಚಿಕೆ ನಮಗೆ ಯಾಕೆ? ಹತ್ತು ರೂಪಾಯಿ ಹೆಚ್ಚಾದರೂ ಒಳ್ಳೆಯ ಮೀನು ಕೊಳ್ಳುವ ನಾವು, ಪುಸ್ತಕ ಮಾತ್ರ ಪುಕ್ಕಟೆ ಸಿಗಬೇಕು ಎಂದುಕೊಳ್ಳುವುದು ಸರಿಯಲ್ಲ. ದುಡ್ಡು ಕೊಟ್ಟು ತಂದ ಪುಸ್ತಕವನ್ನು ಜನ ತೆರೆದು ನೋಡುತ್ತಾರೆ.

ಮಾರಾಟ ಬಿಡುಗಡೆಯ ದಿನ ಶುರುವಾಗುವುದಲ್ಲ, ಕೇಳಲು ಕೂತ ದಿನವೇ ಶುರು. ಯಾರೆಲ್ಲ ಮಾತು ಕೊಟ್ಟರೋ ಅವರ ಮಕ್ಕಳ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಅಚ್ಚಿಗೆ ಹೋಗುವ ಒಂದು ತಿಂಗಳು ಮೊದಲು ಮುಖಪುಟದ ಚಿತ್ರದೊಂದಿಗೆ "150ರ ಪುಸ್ತಕ ಈಗ ಕಾಯ್ದಿರಿಸಿದರೆ 120" ಎಂದು ಕುಟುಂಬದ, ಮೊಹಲ್ಲಾದ ವಾಟ್ಸಾಪ್ ಗುಂಪುಗಳಿಗೆ ಕಳಿಸಿ. ಎಷ್ಟು ಪ್ರತಿ ಅಚ್ಚು ಹಾಕಿಸಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಬಿಡುಗಡೆಗೆ ದೊಡ್ಡ ಹಾಲ್ ಬೇಡ. ಶಾಲೆಯ ಕೋಣೆ ಸಾಕು. ವೇದಿಕೆಯ ಮೇಲೆ ಮಾತು ಕೊಟ್ಟ ಆ ಉಮ್ಮಂದಿರೇ ಕೂರಲಿ, ಅವರ ಕೈಯಲ್ಲೇ ಬಿಡುಗಡೆಯಾಗಲಿ. ಬಾಗಿಲ ಬಳಿ ಒಂದು ಮೇಜು, ಒಬ್ಬ ಹುಡುಗ, ಹಣ ಪಾವತಿಯ ಕ್ಯೂಆರ್ ಕೋಡ್ ಇರಲಿ. ಅತಿಥಿಗಳೂ ದುಡ್ಡು ಕೊಟ್ಟೇ ಕೊಳ್ಳಲಿ.

ಆಮೇಲೆ ರಜೆಯಲ್ಲಿ ಬಂದು ಹಿಂದಿರುಗುವವರ ಪೆಟ್ಟಿಗೆಯಲ್ಲಿ ಹತ್ತು ಹತ್ತು ಪ್ರತಿ ಜುಬೈಲ್, ದಮ್ಮಾಮ್, ದುಬೈ, ಮಸ್ಕತ್‌ಗೆ ಹೋಗಲಿ. ಅಲ್ಲಿನ ಸಂಘಟನೆಗಳ ಕಾರ್ಯಕ್ರಮದಲ್ಲಿ ಒಂದು ಮೇಜು ಕೇಳಿ ನೋಡಿ. ಮದುವೆಗೆ ಬಂದವರಿಗೆ ಸ್ಟೀಲ್ ಡಬ್ಬಿ ಕೊಡುವ ಬದಲು ಮನೆತನದ ಪುಸ್ತಕ ಕೊಡಲು ಬಯಸುವವರು 50 ಪ್ರತಿ ಒಟ್ಟಿಗೆ ಕೊಂಡಾರು. ಊರೂರಿಗೆ ಕಳಿಸಲು ಅಂಚೆ ಇಲಾಖೆ 2025ರ ಮೇಯಿಂದ ಜ್ಞಾನ ಪೋಸ್ಟ್ ಎಂಬ ಸೇವೆ ಆರಂಭಿಸಿದೆ. 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋವರೆಗೆ 100 ರೂಪಾಯಿ ಎಂದು ದರ ಇಟ್ಟಿತ್ತು, ತೆರಿಗೆ ಬೇರೆ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು. ಮುದ್ರಿತ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ.

ಗ್ರಂಥಾಲಯಗಳನ್ನು ಮರೆಯಬಾರದು. 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ನಮ್ಮ ಖರ್ಚಿನಲ್ಲಿ ಕಳಿಸಬೇಕು. ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೂ ಕೊಡಬೇಕು. ನಮ್ಮ ಮನೆಯಲ್ಲಿ ಎಲ್ಲ ಪ್ರತಿ ಹಾಳಾದರೂ ಅಲ್ಲಿ ಒಂದು ಉಳಿಯುತ್ತದೆ. ನಮ್ಮ ಪಂಚಾಯತಿನ ಅರಿವು ಕೇಂದ್ರಕ್ಕೆ, ಮಕ್ಕಳು ಕಲಿತ ಶಾಲೆಗೆ ಒಂದೊಂದು ಇರಲಿ. ಗ್ರಂಥಾಲಯ ಇಲಾಖೆ ಸಗಟು ಖರೀದಿಗೆ ಅರ್ಜಿ ಕರೆಯುವುದನ್ನು ಪತ್ರಿಕೆಯಲ್ಲಿ ಗಮನಿಸುತ್ತಿರಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವೂ ಉಂಟು. ಸಿಕ್ಕಿದರೆ ಒಳ್ಳೆಯದು. ಅದನ್ನೇ ನಂಬಿ ಸಾಲ ಮಾಡಿ ಸಾವಿರ ಪ್ರತಿ ಹಾಕಿಸಬೇಡಿ.

ಇಷ್ಟೆಲ್ಲ ಓದಿ "ನಮ್ಮಿಂದಾಗದು" ಎನ್ನಬೇಡಿ. ಇವತ್ತು ಮಾಡಬೇಕಾದ್ದು ಇಷ್ಟೇ. ಅಸರ್ ಕಳೆದ ಮೇಲೆ ಮನೆಯ ಅಥವಾ ನೆರೆಯ ಹಿರಿಯರೊಬ್ಬರ ಬಳಿ ಕೂತು, ಅವರು ಮೊದಲು ಸಂಪಾದಿಸಿದ ದುಡ್ಡು ಎಷ್ಟು, ಅದರಲ್ಲಿ ಏನು ತಂದರು ಎಂದು ಕೇಳಿ. ಹೇಳಿದ್ದನ್ನು ಅವರದ್ದೇ ಮಾತಿನಲ್ಲಿ ಬರೆದು ದಿನಾಂಕ ಹಾಕಿಡಿ. ಮುಂದಿನ ವಾರ ಇನ್ನೊಬ್ಬರು. ನಲವತ್ತು ವಾರಕ್ಕೆ ನಲವತ್ತು ಮನೆ ಆಗ್ತದೆ. ಅಷ್ಟರಲ್ಲಿ ಪುಸ್ತಕದ ಹಸ್ತಪ್ರತಿಯೂ, ಅದನ್ನು ಕೊಳ್ಳುವವರ ಪಟ್ಟಿಯೂ ನಿಮ್ಮ ಕೈಯಲ್ಲಿರುತ್ತದೆ.